ಸನದು ಸಿಕ್ಕಿತು, ಸಂಪಾದನೆ ಯಾವಾಗ?

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಗಾದೆ ಕಟ್ಟಿದವರು ವಾದಿ ಪ್ರತಿವಾದಿಗಳಿಬ್ಬರನ್ನೂ ಲೆಕ್ಕಕ್ಕೆ ಹಿಡಿದು, ವಕೀಲನನ್ನು ಮಾತ್ರ ಬಿಟ್ಟುಬಿಟ್ಟಿದ್ದಾರೆ. ಯಾರು ಗೆದ್ದರೂ ಯಾರು ಸೋತರೂ ಅವನ ಫೀಸು ಅವನಿಗೆ ಸಂದೇ ಸಲ್ಲುತ್ತದೆ, ಅವನ ಮಾತೇಕೆ ಎಂಬ ಭಾವನೆ ಇದ್ದೀತು. ಆದರೆ ಯಾವ ಜಿಲ್ಲಾ ನ್ಯಾಯಾಲಯದ ಆವರಣಕ್ಕೆ ಹೋದರೂ ಈ ಲೆಕ್ಕಕ್ಕೆ ಸಿಗದ ಒಂದು ಗುಂಪು ಕಣ್ಣಿಗೆ ಬೀಳುತ್ತದೆ. ಎಲ್‌ಎಲ್‌.ಬಿ. ಮುಗಿಸಿ, ಸನದು ಪಡೆದು, ಹಿರಿಯರೊಬ್ಬರ ಆಫೀಸು ಸೇರಿದ ಯುವಕ ಯುವತಿಯರ ಗುಂಪು ಅದು. ಬೆಳಿಗ್ಗೆ ಕಡತ ಹೊತ್ತು ಬರುತ್ತಾರೆ. ಹಿರಿಯರು ಇನ್ನೊಂದು ಹಾಲಿನಲ್ಲಿ ಸಿಕ್ಕಿಕೊಂಡಿದ್ದರೆ ಮುದ್ದತು ಬೇಡುತ್ತಾರೆ. ನಕಲಿಗೆ ಅರ್ಜಿ ಹಾಕಿ ಕಾಯುತ್ತಾರೆ. ತಿಂಗಳ ಕೊನೆಗೆ ಕೈಗೆ ಬರುವುದೆಷ್ಟು ಎಂದು ಅವರನ್ನು ಕೇಳುವುದು ಸಭ್ಯತೆ ಅನ್ನಿಸುವುದಿಲ್ಲ.

ವಕೀಲಿ ವೃತ್ತಿಯ ಬಗ್ಗೆ ನಡೆಯುವ ಮಾತುಕತೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು ವೇದಿಕೆಯ ಮೇಲಿನದು. ವೃತ್ತಿಧರ್ಮ ಕೆಡುತ್ತಿದೆ, ವಕೀಲಿ ವ್ಯಾಪಾರವಾಗುತ್ತಿದೆ ಎಂದು ಅಲ್ಲಿ ಹಿರಿಯರು ನೊಂದುಕೊಳ್ಳುತ್ತಾರೆ. ಇನ್ನೊಂದು ಮನೆಯ ಪಡಸಾಲೆಯದು. ಓದು ಮುಗಿಯಿತು, ಮುಂದೇನು, ಎಷ್ಟು ವರ್ಷ ಹೀಗೆ ಎಂದು ಅಲ್ಲಿ ತಂದೆ ತಾಯಂದಿರು ಕೇಳುತ್ತಾರೆ. ಇವೆರಡಕ್ಕೂ ಸಂಬಂಧವಿಲ್ಲವೆಂಬಂತೆ ಮಾತು ಸಾಗುತ್ತದೆ. ಇತಿಹಾಸವನ್ನು ಸ್ವಲ್ಪ ಕೆದಕಿದರೆ ಮಾತ್ರ ಬೇರೆಯೇ ಚಿತ್ರ ಕಾಣುತ್ತದೆ. ವೃತ್ತಿಧರ್ಮದ ನಿಯಮಗಳನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು, ಊಟಕ್ಕಾಗಿ ವಕೀಲಿಯನ್ನು ನೆಚ್ಚಿಕೊಳ್ಳಬೇಕಾಗಿರದ ಮನುಷ್ಯ.

ಮೂವತ್ತು ರೂಪಾಯಿಯ ಮೊಕದ್ದಮೆ

ಈ ದೇಶದ ಅತ್ಯಂತ ಪ್ರಸಿದ್ಧ ಕಿರಿಯ ವಕೀಲನ ಅನುಭವವನ್ನೇ ನೋಡಬಹುದು. 1891ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಊರಿಗೆ ಮರಳಿದ ಮೋಹನದಾಸ ಗಾಂಧಿಯವರು ಮುಂಬಯಿಯಲ್ಲಿ ಮನೆ ಹಿಡಿದು ವಕೀಲಿ ಶುರುಮಾಡಿದರು. ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಅವರಿಗೆ ಸಿಕ್ಕ ಮೊದಲ ಮೊಕದ್ದಮೆಯ ಫೀಸು ಮೂವತ್ತು ರೂಪಾಯಿ. ಮೊಕದ್ದಮೆ ತಂದುಕೊಟ್ಟ ದಲ್ಲಾಳಿಗೆ ಕಮಿಷನ್ ಕೊಡಬೇಕೆಂದು ಬಲ್ಲವರು ಹೇಳಿದರು. ತಿಂಗಳಿಗೆ ಸಾವಿರಾರು ರೂಪಾಯಿ ಸಂಪಾದಿಸುವ ಕ್ರಿಮಿನಲ್ ವಕೀಲರೂ ಕೊಡುತ್ತಾರೆ ಎಂದು ಉದಾಹರಣೆಯನ್ನೂ ಕೊಟ್ಟರು. ಗಾಂಧಿ ಒಪ್ಪಲಿಲ್ಲ. ಪಾಟೀಸವಾಲಿಗೆ ಎದ್ದು ನಿಂತಾಗ ತಲೆ ತಿರುಗಿದಂತಾಗಿ ಒಂದು ಪ್ರಶ್ನೆಯೂ ಹೊರಡದೆ ಕುಳಿತುಬಿಟ್ಟರು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಕಡಿಮೆ ಜನರ ಗಮನಕ್ಕೆ ಬಂದಿರುವುದು ಅದರ ಮುಂದಿನ ಭಾಗ. ಎಪ್ಪತ್ತೈದು ರೂಪಾಯಿ ಸಂಬಳಕ್ಕೆ ಶಾಲೆಯೊಂದರಲ್ಲಿ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸುವ ಕೆಲಸವಿದೆ ಎಂಬ ಜಾಹೀರಾತು ನೋಡಿ ಬ್ಯಾರಿಸ್ಟರ್ ಸಾಹೇಬರು ಅರ್ಜಿ ಹಾಕಿದರು. ಪದವೀಧರರಲ್ಲ ಎಂಬ ಕಾರಣಕ್ಕೆ ಅದೂ ಸಿಗಲಿಲ್ಲ.

ಸುಮಾರು ಆರು ತಿಂಗಳಲ್ಲಿ ಮುಂಬಯಿಯ ಸಂಸಾರ ಕಿತ್ತು ರಾಜಕೋಟೆಗೆ ಹೋದ ಮೇಲೆ ಅವರಿಗೆ ತಿಂಗಳಿಗೆ ಸರಾಸರಿ ಮುನ್ನೂರು ರೂಪಾಯಿ ಬರತೊಡಗಿತು. ಇದು ತಮ್ಮ ಸಾಮರ್ಥ್ಯದಿಂದ ಬಂದದ್ದಲ್ಲ, ಅಣ್ಣನ ಜೊತೆಗಾರ ವಕೀಲರಿಗಿದ್ದ ಪ್ರಭಾವದಿಂದ ಬಂದದ್ದು ಎಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಮುಂಬಯಿಯಲ್ಲಿ ಬಿಡದೆ ಪಾಲಿಸಿದ ಕಮಿಷನ್ ವಿರೋಧಿ ವ್ರತ ರಾಜಕೋಟೆಯಲ್ಲಿ ಮುರಿಯಿತೆಂದೂ ಬರೆದಿದ್ದಾರೆ. ಅಲ್ಲಿ ಕಮಿಷನ್ ದಲ್ಲಾಳಿಗಲ್ಲ, ಕೆಲಸ ಒಪ್ಪಿಸುವ ವಕೀಲನಿಗೇ ಸಲ್ಲಬೇಕಿತ್ತು. ಮುಂದೆ ಹಠಕ್ಕೆ ಹೆಸರಾದ ವ್ಯಕ್ತಿಯೂ ಮೊದಲೆರಡು ವರ್ಷದ ವಕೀಲಿಯಲ್ಲಿ ರಾಜಿಯಾಗಬೇಕಾಯಿತು. ದಕ್ಷಿಣ ಆಫ್ರಿಕದ ವರ್ತಕ ಸಂಸ್ಥೆಯೊಂದು 1893ರಲ್ಲಿ ಒಂದು ವರ್ಷದ ಕೆಲಸಕ್ಕೆ ಹೋಗಿಬರುವ ಖರ್ಚು ಮತ್ತು 105 ಪೌಂಡು ಕೊಡುತ್ತೇವೆಂದಾಗ ಅವರು ಹಿಂದುಮುಂದು ನೋಡದೆ ಹಡಗು ಹತ್ತಿದ್ದರಲ್ಲಿ ಆಶ್ಚರ್ಯವೇನಿದೆ?

ಗೌನಿನ ಜೊತೆಗೆ ಬಂದದ್ದು

ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಪಡೆಯುವ ಹಣ ಕೂಲಿಯಲ್ಲ, ಸಂಭಾವನೆ ಎಂಬುದು ಹಳೆಯ ಕಲ್ಪನೆ. ಕಕ್ಷಿದಾರ ಕೊಡದಿದ್ದರೆ ಅವನ ಮೇಲೆ ದಾವೆ ಹೂಡುವಂತಿರಲಿಲ್ಲ. 1863ರಲ್ಲಿ ಅಲ್ಲಿನ ನ್ಯಾಯಾಲಯ ಇದನ್ನು ಖಚಿತಪಡಿಸಿತು. 1990ರ ಕಾಯಿದೆ ಬರುವತನಕ ಅದೇ ನಡೆದುಕೊಂಡು ಬಂತು. ಕೈಚಾಚಿ ಕೇಳುವುದು, ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು, ಜೊತೆಗೆ ಬೇರೆ ಕಸುಬು ಮಾಡುವುದು ಎಲ್ಲವೂ ಗೌರವಸ್ಥನಿಗೆ ಹೇಳಿಸಿದ್ದಲ್ಲ. ಜಮೀನೋ ತಂದೆಯ ಆಸ್ತಿಯೋ ಇದ್ದವನಿಗೆ ಈ ಮರ್ಯಾದೆಯನ್ನು ಕಾಪಾಡಿಕೊಳ್ಳುವುದು ಕಷ್ಟವೇನೂ ಆಗಿರಲಿಲ್ಲ.

ಭಾರತದಲ್ಲಿ ಕಥೆ ಬೇರೆ ಇತ್ತು. 1774ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಸುಪ್ರೀಂ ಕೋರ್ಟಿನಲ್ಲಿ ಬಿಳಿಯ ಬ್ಯಾರಿಸ್ಟರುಗಳದೇ ಕಾರುಬಾರು; ದೇಶೀ ವಕೀಲನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವನ ಜಾಗ ಕಂಪನಿ ಸರ್ಕಾರದ ಅದಾಲತ್ತು. 1793ರ ಬಂಗಾಳ ರೆಗ್ಯುಲೇಷನ್ ಈ ವಕೀಲರನ್ನು ಮೊದಲ ಬಾರಿಗೆ ಒಂದು ಕಟ್ಟಿಗೆ ತಂದು, ದಾವೆಯ ಮೊತ್ತಕ್ಕೆ ಇಂತಿಷ್ಟು ಎಂದು ಫೀಸನ್ನೂ ನಿಗದಿ ಮಾಡಿತು. 1846ರ ಕಾಯಿದೆ ಧರ್ಮ, ದೇಶಗಳ ಭೇದವಿಲ್ಲದೆ ಅರ್ಹರಿಗೆಲ್ಲ ವಕೀಲಿಯ ಬಾಗಿಲು ತೆರೆಯಿತು. 1879ರ ಕಾಯಿದೆಯ ಹೊತ್ತಿಗೆ ವಕೀಲ, ಪ್ಲೀಡರ್, ಮುಖ್ತಾರ ಎಂದು ಮೆಟ್ಟಿಲು ಮೆಟ್ಟಿಲಾಗಿ ದರ್ಜೆಗಳಿದ್ದವು. ಫೀಸಿಗಾಗಿ ದಾವೆ ಹೂಡುವ ಹಕ್ಕನ್ನು 1926ರ ಕಾಯಿದೆ ಸ್ಪಷ್ಟವಾಗಿ ಕೊಟ್ಟಿತು. ನಿರ್ಲಕ್ಷ್ಯ ತೋರಿದರೆ ವಕೀಲನೆಂಬ ಒಂದೇ ಕಾರಣಕ್ಕೆ ಹೊಣೆಯಿಂದ ಪಾರಾಗುವಂತಿಲ್ಲ ಎಂದೂ ಅದೇ ಕಾಯಿದೆ ಹೇಳಿತು. ಅಂದರೆ ನಮ್ಮ ವಕೀಲ ಮೊದಲಿನಿಂದಲೂ ದುಡಿದು ತಿನ್ನುವವನು. ಅವನ ಮೈಮೇಲೆ ಬಂದು ಕೂತದ್ದು ಮಾತ್ರ ಬ್ಯಾರಿಸ್ಟರನ ಗೌನು, ಆ ಗೌನಿನ ಜೊತೆಗೇ ಬಂದ ಮರ್ಯಾದೆಯ ಕಲ್ಪನೆ.

ನ್ಯಾಯಮೂರ್ತಿ ಎಸ್.ಆರ್. ದಾಸ್ ಅಧ್ಯಕ್ಷತೆಯ ಸಮಿತಿ 1953ರಲ್ಲಿ ಕೊಟ್ಟ ವರದಿ ಈ ದರ್ಜೆಗಳನ್ನು ಅಳಿಸಬೇಕೆಂದು ಸೂಚಿಸಿತು. 1961ರ ವಕೀಲರ ಕಾಯಿದೆ ಎಲ್ಲರನ್ನೂ ‘ಅಡ್ವೊಕೇಟ್’ ಎಂಬ ಒಂದೇ ಹೆಸರಿನಡಿ ತಂದಿತು. ಭಾರತೀಯ ವಕೀಲರ ಪರಿಷತ್ತು ರೂಪಿಸಿದ ನಡತೆಯ ನಿಯಮಗಳು ಇದರ ಬೆನ್ನಿಗೆ ಬಂದವು. ವಕೀಲ ಜಾಹೀರಾತು ಕೊಡಬಾರದು, ದಲ್ಲಾಳಿ ಇಟ್ಟುಕೊಳ್ಳಬಾರದು, ಕೆಲಸ ಕೇಳಿಕೊಂಡು ಹೋಗಬಾರದು. ಅವನ ನಾಮಫಲಕ ಹದವಾದ ಅಳತೆಯದಾಗಿರಬೇಕು. ಗೆದ್ದರೆ ಇಷ್ಟು, ಬಂದದ್ದರಲ್ಲಿ ಪಾಲು ಇಷ್ಟು ಎಂದು ಕರಾರು ಮಾಡಿಕೊಳ್ಳುವಂತಿಲ್ಲ. ಸ್ವತಃ ವ್ಯಾಪಾರ ನಡೆಸುವಂತಿಲ್ಲ. ಪೂರ್ಣಾವಧಿ ಸಂಬಳದ ನೌಕರಿ ಹಿಡಿದರೆ ವಕೀಲಿ ನಿಲ್ಲಿಸಬೇಕು.

ಈ ನಿಯಮಗಳ ಹಿಂದೆ ಕಾರಣವೇ ಇರಲಿಲ್ಲ ಎನ್ನುವುದು ತಪ್ಪಾಗುತ್ತದೆ. ಮುಂಬಯಿಯ ಕ್ರಿಮಿನಲ್ ಕೋರ್ಟಿನ ಬಾಗಿಲಲ್ಲಿ ನಿಂತು, ಬಂದ ಕಕ್ಷಿದಾರರ ಮೇಲೆ ಮುಗಿಬಿದ್ದು, ಒಬ್ಬರ ಕೈಯಿಂದ ಒಬ್ಬರು ಕಾಗದಪತ್ರ ಕಿತ್ತುಕೊಳ್ಳುತ್ತಿದ್ದರೆಂಬ ಆಪಾದನೆ ಹೊತ್ತ ವಕೀಲರ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ದಾಭೋಲ್ಕರ್ ಪ್ರಕರಣವೆಂದೇ ಹೆಸರಾದ ಇದರಲ್ಲಿ 1975ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ವಕೀಲಿಯನ್ನು ಸಂತೆಯ ಸರಕಿನ ಮಟ್ಟಕ್ಕೆ ಇಳಿಸಬಾರದೆಂದು ಕಟುವಾಗಿಯೇ ಹೇಳಿದರು. ಜೈಲಿನ ಭಯದಲ್ಲಿ ಬಂದವನನ್ನು ಪೈಪೋಟಿಯ ಕೈಗೆ ಒಪ್ಪಿಸಬಾರದೆಂಬುದು ನ್ಯಾಯವಾದ ಮಾತೇ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕಲ್ಲವೇ? ತನ್ನ ಬಗ್ಗೆ ಹೇಳಿಕೊಳ್ಳುವಂತಿಲ್ಲ, ಬೇರೆ ದುಡಿಯುವಂತಿಲ್ಲ ಎಂದಾದಾಗ ಹೊಸ ವಕೀಲನಿಗೆ ಉಳಿಯುವುದು ಪರಿಚಯ ಮಾತ್ರ. ಪರಿಚಯವೆಂದರೆ ತಂದೆಯ ಹೆಸರು, ಮನೆತನ, ಜಾತಿ, ಊರು. ವಕೀಲರ ಮಗನಿಗೆ ಆಫೀಸು, ಪುಸ್ತಕ, ಗುಮಾಸ್ತ, ಹಳೆಯ ಕಕ್ಷಿದಾರರು ಎಲ್ಲವೂ ಪಿತ್ರಾರ್ಜಿತವಾಗಿಯೇ ಬರುತ್ತವೆ. ಬೋರ್ಡಿನಲ್ಲಿ ಒಂದು ಹೆಸರು ಸೇರಿಸಿದರೆ ಮುಗಿಯಿತು. ಅವನಿಗೆ ಜಾಹೀರಾತೇ ಬೇಡ. ಮನೆಯಲ್ಲಿ ಮೊದಲ ಬಾರಿಗೆ ಕರಿಕೋಟು ತೊಟ್ಟ ರೈತನ ಮಗಳಿಗೆ ಅದೇ ನಿಯಮ ಬೇರೆ ರೀತಿಯಲ್ಲಿ ತಟ್ಟುತ್ತದೆ. ಎಲ್ಲರಿಗೂ ಒಂದೇ ಆದ ನಿಯಮ ಎಲ್ಲರ ಮೇಲೂ ಒಂದೇ ಭಾರ ಹೊರಿಸುವುದಿಲ್ಲ.

ಅಮೆರಿಕದಲ್ಲಿ 1977ರಲ್ಲಿ, ಇಂಗ್ಲೆಂಡಿನ ಸಾಲಿಸಿಟರುಗಳಿಗೆ 1984ರಲ್ಲಿ ಜಾಹೀರಾತಿನ ನಿರ್ಬಂಧ ಸಡಿಲಾಯಿತು. ನಮ್ಮಲ್ಲಿ 2008ರಲ್ಲಿ ಅಂತರ್ಜಾಲದಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆ, ಯಾವ ಬಗೆಯ ಮೊಕದ್ದಮೆ ನಡೆಸುತ್ತೇನೆ ಎಂಬಷ್ಟನ್ನು ಹೇಳಿಕೊಳ್ಳಲು ಅನುಮತಿ ಸಿಕ್ಕಿತು. ಹದಿನಾರು ವರ್ಷದ ನಂತರ, 2024ರ ಜುಲೈನಲ್ಲಿ, ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ ಜಾಲತಾಣಗಳ ಮೂಲಕ ಕೆಲಸ ಹಿಡಿಯುವ ವಕೀಲರ ವಿರುದ್ಧ ಪರಿಷತ್ತು ಕ್ರಮಕ್ಕೆ ಮುಂದಾಯಿತು. 2025ರ ಮಾರ್ಚಿನಲ್ಲಿ ಸಿನಿಮಾ ನಟರನ್ನು ಹಿಡಿದು ಪ್ರಚಾರ ಮಾಡಿಸಿಕೊಳ್ಳುವವರಿಗೆ ಮತ್ತೊಂದು ಎಚ್ಚರಿಕೆ ಹೊರಟಿತು. ನಟರನ್ನು ಕರೆಸಬಲ್ಲವರು ಕಿರಿಯ ವಕೀಲರಂತೂ ಅಲ್ಲ.

1923ರ ಎರಡು ಘಟನೆಗಳು

ಬೇರೆ ದುಡಿಮೆಯ ಪ್ರಶ್ನೆಗೆ ಡಾ. ಅಂಬೇಡ್ಕರ್ ಅವರ ಆರಂಭದ ದಿನಗಳು ಒಳ್ಳೆಯ ನಿದರ್ಶನ. ಕೊಲಂಬಿಯ, ಲಂಡನ್‌ಗಳ ಉನ್ನತ ಪದವಿ, ಗ್ರೇಸ್ ಇನ್ನಿನ ಬ್ಯಾರಿಸ್ಟರ್ ಪದವಿ ಎಲ್ಲ ಇದ್ದರೂ 1923ರಲ್ಲಿ ಮುಂಬಯಿಯಲ್ಲಿ ವಕೀಲಿ ಆರಂಭಿಸುವಾಗ ಸನದಿಗೆ ಕಟ್ಟಲು ಅವರ ಬಳಿ ಹಣವಿರಲಿಲ್ಲ. ಪಾರ್ಸಿ ಗೆಳೆಯ ನವಲ್ ಭಠೇನಾ ನೆರವಿಗೆ ಬಂದರು. ಸನದು ಬಂದ ಮೇಲೂ ಕೆಲಸ ಬರುವುದು ಸುಲಭವಿರಲಿಲ್ಲ. ಅಸ್ಪೃಶ್ಯನಿಗೆ ಮೊಕದ್ದಮೆ ಒಪ್ಪಿಸುವ ಸಾಲಿಸಿಟರುಗಳು ಎಷ್ಟು ಮಂದಿ ಇದ್ದಾರು? 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಅರೆಕಾಲಿಕ ಪಾಠ ಹೇಳಿ ಅವರು ಸಂಸಾರ ತೂಗಿಸಿದರು. ಈಗಿನ ನಿಯಮಗಳಲ್ಲೂ ಇಷ್ಟಕ್ಕೆ ಅವಕಾಶವಿದೆ. 1979ರ ನಿಯಮದಂತೆ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಹೇಳಬಹುದು. ಪತ್ರಿಕೆಗೆ ಬರೆಯಬಹುದು, ಪ್ರಶ್ನೆಪತ್ರಿಕೆ ತಯಾರಿಸಬಹುದು. ಅಂಗಡಿ ನಡೆಸುವಂತಿಲ್ಲ. ವೈದ್ಯಕೀಯ ನಡೆಸುತ್ತಲೇ ವಕೀಲಿಯನ್ನೂ ಮಾಡುತ್ತೇನೆ ಎಂದ ಮುಂಬಯಿಯ ವೈದ್ಯರೊಬ್ಬರ ಕೋರಿಕೆಯನ್ನು 1996ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ವಕೀಲಿ ಪೂರ್ತಿ ಸಮಯ ಬೇಡುವ ವೃತ್ತಿ ಎಂಬುದು ಅದರ ಕಾರಣ. ಪೂರ್ತಿ ಸಮಯ ಬೇಡುವ ವೃತ್ತಿ ಅರ್ಧ ಹೊಟ್ಟೆಯನ್ನಾದರೂ ತುಂಬಿಸಬೇಕಲ್ಲ ಎಂಬ ಪ್ರಶ್ನೆ ಆಗ ಎದ್ದಿರಲಿಲ್ಲ, ಏಕೆಂದರೆ ಆ ವೈದ್ಯರಿಗೆ ಅದು ಪ್ರಶ್ನೆಯಾಗಿರಲಿಲ್ಲ.

ಅದೇ 1923ರಲ್ಲಿ ಮತ್ತೊಂದು ಬಾಗಿಲು ತೆರೆಯಿತು. ಕಾನೂನು ಪದವಿ ಪಡೆದ ರೆಜಿನಾ ಗುಹಾ 1916ರಲ್ಲಿ ಕಲ್ಕತ್ತೆಯಲ್ಲಿ ವಕೀಲಿಗೆ ಅರ್ಜಿ ಹಾಕಿದಾಗ, ಕಾಯಿದೆಯಲ್ಲಿ ‘ವ್ಯಕ್ತಿ’ ಎಂದರೆ ಹೆಂಗಸು ಸೇರುವುದಿಲ್ಲ ಎಂದು ಐವರು ನ್ಯಾಯಾಧೀಶರ ಪೀಠ ಹೇಳಿತ್ತು. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಅದೇ ಉತ್ತರ. ಆಕ್ಸ್‌ಫರ್ಡಿನಲ್ಲಿ 1892ರಲ್ಲೇ ಕಾನೂನು ಪರೀಕ್ಷೆ ಬರೆದಿದ್ದ ಕಾರ್ನೇಲಿಯಾ ಸೊರಾಬ್ಜಿಯವರನ್ನು ಅಲಹಾಬಾದ್ ಹೈಕೋರ್ಟು ಮಾತ್ರ 1921ರಲ್ಲಿ ನೋಂದಾಯಿಸಿಕೊಂಡಿತು. 1923ರ ಕಾಯಿದೆ ಈ ಅಡ್ಡಿಯನ್ನು ದೇಶದಾದ್ಯಂತ ತೆಗೆಯಿತು. ಶತಮಾನ ಕಳೆದ ಮೇಲೂ, ಬೆಂಗಳೂರಿನ ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಮಹಿಳೆಗೆ ಮೀಸಲಿಡಿ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಗಿ ಬಂತು. ಬಾಗಿಲು ತೆರೆದಿರುವುದಕ್ಕೂ ಒಳಗೆ ಕುರ್ಚಿ ಸಿಗುವುದಕ್ಕೂ ಇರುವ ಅಂತರ ಇದು.

ಸಂಬಳದ ದಾರಿ, ಸನದಿನ ದಾರಿ

ಕಳೆದ ನಾಲ್ಕು ದಶಕಗಳಲ್ಲಿ ವಕೀಲಿಯಲ್ಲಿ ಆದ ದೊಡ್ಡ ಬದಲಾವಣೆಗೆ ಬೆಂಗಳೂರೇ ಹುಟ್ಟೂರು. ಕರ್ನಾಟಕದ ಕಾಯಿದೆಯೊಂದರಿಂದ ರೂಪುಗೊಂಡ ರಾಷ್ಟ್ರೀಯ ಕಾನೂನು ಶಾಲೆ, ಪ್ರೊ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಐದು ವರ್ಷದ ಕೋರ್ಸಿಗೆ ಮೊದಲ ತಂಡವನ್ನು ಸೇರಿಸಿಕೊಂಡಿತು. ಬೇರೆಲ್ಲೂ ಸೀಟು ಸಿಗದವರು ಸಂಜೆ ಹೊತ್ತು ಓದುವ ಪದವಿ ಎಂಬ ಹೆಸರನ್ನು ಕಾನೂನು ಶಿಕ್ಷಣ ಕಳೆದುಕೊಂಡದ್ದು ಇಲ್ಲಿಂದ. ಆ ತಂಡ ಹೊರಬಂದದ್ದು 1993ರಲ್ಲಿ. ಅಷ್ಟರಲ್ಲಿ ಉದಾರೀಕರಣ ಕಾಲಿಟ್ಟಿತ್ತು. ಒಪ್ಪಂದ ಬರೆಯಬಲ್ಲವರು ಕಂಪನಿಗಳಿಗೆ ಬೇಕಾಗಿದ್ದರು. ನ್ಯಾಯಾಲಯಗಳಿಗೆ ಉತ್ತಮ ವಕೀಲರನ್ನು ಕೊಡಬೇಕೆಂದು ಕಟ್ಟಿದ ಶಾಲೆಯ ಪ್ರತಿಭಾವಂತರು ದೊಡ್ಡ ಸಂಖ್ಯೆಯಲ್ಲಿ ಲಾ ಫರ್ಮುಗಳ ಹಾದಿ ಹಿಡಿದರು. ಅವರನ್ನು ಆಕ್ಷೇಪಿಸುವುದು ಸುಲಭ. ಮೊದಲ ತಿಂಗಳಿಂದಲೇ ಹಣ ಕೊಡುವವರು ಒಂದು ಕಡೆ, ಐದು ವರ್ಷ ಕಾಯಿ ಎನ್ನುವವರು ಇನ್ನೊಂದು ಕಡೆ ಇದ್ದಾಗ ಶಿಕ್ಷಣ ಸಾಲ ತೀರಿಸಬೇಕಾದವರು ಏನು ಮಾಡಿಯಾರು? ಸಂಬಳದ ನೌಕರನಿಗೆ ವಕೀಲಿ ನಿಷಿದ್ಧವಾದ್ದರಿಂದ ಫರ್ಮುಗಳು ಅದನ್ನು ಸಂಬಳ ಎನ್ನದೆ ‘ರಿಟೇನರ್’ ಎನ್ನುವುದುಂಟು. ಕಾನೂನು ಬಲ್ಲವರಿಗೆ ಹೆಸರಿಡುವುದು ಕಷ್ಟವೇ?

ಫರ್ಮು ಸಿಗದವರ ಕನಸು ಸಿವಿಲ್ ನ್ಯಾಯಾಧೀಶರ ಪರೀಕ್ಷೆ. ಇಲ್ಲಿನ ನಿಯಮ ಮೂರು ದಶಕಗಳಲ್ಲಿ ಲೋಲಕದಂತೆ ತೂಗಿದೆ. ಮೂರು ವರ್ಷದ ವಕೀಲಿ ಅನುಭವ ಇರಲೇಬೇಕೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗದ ಶಿಫಾರಸನ್ನು ಒಪ್ಪಿ 2002ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. 2025ರ ಮೇ 20ರಂದು ಮತ್ತೆ ಮೂರು ವರ್ಷದ ಷರತ್ತಿಗೆ ಮರಳಿತು. ಕೋರ್ಟು ಕಂಡರಿಯದ ಹುಡುಗರು ಪೀಠದ ಮೇಲೆ ಕೂತು ತಡವರಿಸುತ್ತಾರೆ ಎಂಬ ಹೈಕೋರ್ಟುಗಳ ದೂರಿನಲ್ಲಿ ಹುರುಳಿದೆ. ಆ ಮೂರು ವರ್ಷ ಬದುಕುವುದು ಹೇಗೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ತರಬೇತಿಯ ವಿಷಯದಲ್ಲೂ ಇದೇ ತೂಗಾಟ. ಸನದಿಗೆ ಮುಂಚೆ ಒಂದು ವರ್ಷ ಹಿರಿಯರ ಕೈಕೆಳಗೆ ಕಲಿಯಬೇಕೆಂದು ಪರಿಷತ್ತು 1995ರಲ್ಲಿ ಮಾಡಿದ ನಿಯಮವನ್ನು, ಅದಕ್ಕೆ ಆ ಅಧಿಕಾರವಿಲ್ಲವೆಂದು 1999ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಆ ಜಾಗಕ್ಕೆ 2010ರಲ್ಲಿ ಬಂದದ್ದು ಅಖಿಲ ಭಾರತ ವಕೀಲರ ಪರೀಕ್ಷೆ. 2023ರ ಫೆಬ್ರುವರಿಯಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ಪ್ರವೇಶದ ಬೆಲೆ

ಅಂಬೇಡ್ಕರರಿಗೆ ಎದುರಾದ ಸನದಿನ ಹಣದ ಪ್ರಶ್ನೆ ನೂರೊಂದು ವರ್ಷದ ನಂತರ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕಾಯಿದೆಯ ಪ್ರಕಾರ ನೋಂದಣಿಗೆ ರಾಜ್ಯ ಪರಿಷತ್ತಿಗೆ 600 ಮತ್ತು ಭಾರತೀಯ ಪರಿಷತ್ತಿಗೆ 150, ಒಟ್ಟು 750 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ರಾಜ್ಯ ಪರಿಷತ್ತುಗಳು ಗ್ರಂಥಾಲಯ, ಗುರುತಿನ ಚೀಟಿ, ಕಟ್ಟಡ, ಕ್ಷೇಮನಿಧಿ ಎಂದು ಬಾಬತ್ತುಗಳನ್ನು ಸೇರಿಸುತ್ತಾ ಹೋಗಿ ಹದಿನೈದು ಸಾವಿರದಿಂದ ನಲವತ್ತು ಸಾವಿರ ಮೀರುವವರೆಗೆ ವಸೂಲು ಮಾಡುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಇದನ್ನು ತಪ್ಪೆಂದಿತು. ಬಡವರ, ಅಂಚಿನ ಸಮುದಾಯದವರ ಪಾಲಿಗೆ ಈ ಶುಲ್ಕ ಬಾಗಿಲಲ್ಲೇ ತಡೆದು ನಿಲ್ಲಿಸುವ ಕೈ ಎಂಬುದನ್ನು ಪೀಠ ಗುರುತಿಸಿತು. ಇಷ್ಟಾದರೂ ‘ಐಚ್ಛಿಕ’ ಎಂಬ ಹೆಸರಿನಲ್ಲಿ ಹಣ ಪಡೆಯಲಾಗುತ್ತಿದೆ ಎಂಬ ದೂರು ನಮ್ಮ ರಾಜ್ಯದಿಂದಲೇ ಹೋಯಿತು. 2025ರ ಆಗಸ್ಟಿನಲ್ಲಿ, ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಸಂಬಂಧಿಸಿದ ಅರ್ಜಿಯಲ್ಲಿ, ಐಚ್ಛಿಕ ಶುಲ್ಕವೆಂಬುದೇ ಇಲ್ಲ ಎಂದು ನ್ಯಾಯಾಲಯ ಮತ್ತೊಮ್ಮೆ ಬಿಡಿಸಿ ಹೇಳಿತು.

ಒಳಗೆ ಬಂದ ಮೇಲಿನ ವರ್ಷಗಳ ಮಾತೇನು? ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿ ಅವಧಿಯಲ್ಲಿ ಮಾಸಿಕ ಭತ್ಯೆ ಕೊಡುವ ಯೋಜನೆಗಳು ಕರ್ನಾಟಕ ಸರ್ಕಾರದಲ್ಲಿವೆ. ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಬಂದು 2013ರಲ್ಲಿ ಕಾಯಂ ಆದದ್ದರಿಂದ, ಉತ್ತರದ ಜಿಲ್ಲೆಗಳ ಹುಡುಗರು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವ ಅನಿವಾರ್ಯವೂ ಸ್ವಲ್ಪ ತಗ್ಗಿತು. ಭಾಷೆಯ ಗೋಡೆ ಮಾತ್ರ ಇದ್ದಲ್ಲೇ ಇದೆ. ತಾಲ್ಲೂಕು ಕೋರ್ಟಿನಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ವಾದಿಸುವ ವಕೀಲ ಅದೇ ಮೊಕದ್ದಮೆಯ ಮೇಲ್ಮನವಿಗೆ ಇಂಗ್ಲಿಷ್ ಬಲ್ಲವರನ್ನು ಹುಡುಕಿಕೊಂಡು ಹೋಗುವುದು ಸಾಮಾನ್ಯ. ಮೊಕದ್ದಮೆಯ ಜೊತೆಗೆ ಫೀಸೂ ಹೋಗುತ್ತದೆ.

ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಪ್ರದೇಶದಲ್ಲಿ 15 ಸಾವಿರ ರೂಪಾಯಿಯ ಕನಿಷ್ಠ ಶಿಷ್ಯವೇತನ ಕೊಡಬೇಕೆಂದು ಹೇಳಿತು. ಇದು ಶಿಫಾರಸು, ಕಡ್ಡಾಯವಲ್ಲ. ತಾಲ್ಲೂಕಿನ ಎಷ್ಟೋ ಹಿರಿಯರಿಗೆ ತಮಗೇ ಅಷ್ಟು ಗಿಟ್ಟುವುದಿಲ್ಲ ಎಂಬ ಮಾತಿದೆ, ಅದರಲ್ಲಿ ಸುಳ್ಳಿಲ್ಲ. ಒಂದು ವಾದಕ್ಕೆ ಲಕ್ಷಗಳಲ್ಲಿ ಪಡೆಯುವವರಿಗೆ ಈ ನೆಪ ಒಪ್ಪುವುದಿಲ್ಲ ಎಂಬುದೂ ನಿಜ.

ಹಿರಿಯರು ಕೊಡದಿದ್ದರೆ ಕಿರಿಯರು ದೂರು ಒಯ್ಯಬೇಕಾದದ್ದು ರಾಜ್ಯ ಪರಿಷತ್ತಿಗೆ. ಆ ಪರಿಷತ್ತಿನ ಸದಸ್ಯರನ್ನು ಆರಿಸುವವರು ವಕೀಲರೇ, ಅದಕ್ಕೆ ಆರಿಸಿಬರುವವರು ಹಿರಿಯರೇ. ಹಿರಿಯರ ಮೇಲೆ ದೂರು ಕೊಟ್ಟ ಹುಡುಗ ಮರುದಿನ ಅದೇ ಊರಿನ, ಅದೇ ಕೋರ್ಟಿನ ಬೇರೆ ಯಾರ ಆಫೀಸಿನ ಬಾಗಿಲು ತಟ್ಟಬೇಕು ಎಂಬುದಕ್ಕೆ ಸುತ್ತೋಲೆಯಲ್ಲಿ ಉತ್ತರವಿಲ್ಲ.